ಮರಳಿ ಬಂದ ತೂಕ ಪಾಪವೇ?

‘ಬಾಯಿ ಕಟ್ಟಲಿಲ್ಲ.’ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ಐದಾರು ವರ್ಷದ ಮೇಲೆ ಮತ್ತೆ ಮೈ ತುಂಬಿಕೊಂಡರೆ ಮನೆಯವರು, ನೆಂಟರು, ಊರವರು ಕೊಡುವ ತೀರ್ಪು ಬಹುಮಟ್ಟಿಗೆ ಇಷ್ಟರಲ್ಲೇ ಮುಗಿಯುತ್ತದೆ. ಮೇಲುನೋಟಕ್ಕೆ ಇದು ಊಟದ ಮಾತು. ಒಳಗಿರುವುದು ಧರ್ಮದ ಮಾತು. ಲಕ್ಷಗಟ್ಟಲೆ ಹಣ ಸುರಿದು, ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ, ಜಠರದ ಮುಕ್ಕಾಲು ಪಾಲು ತೆಗೆಸಿಕೊಂಡು ಬಂದರೂ ಕಡೆಗೆ ನಾಲಿಗೆಗೆ ಸೋತರು ಎನ್ನುವಾಗ ನಾವು ಅವರ ಶೀಲದ ಬಗ್ಗೆ ಮಾತಾಡುತ್ತಿರುತ್ತೇವೆ. ಸಂಯಮ ಇರಲಿಲ್ಲ, ಚಪಲ ಗೆದ್ದಿತು, ಅದಕ್ಕೆ ತಕ್ಕ ಫಲ ಸಿಕ್ಕಿತು ಎಂಬ ಮೂರು ಹೆಜ್ಜೆಯ ವಾದ ಆ ಚಿಕ್ಕ ಮಾತಿನೊಳಗೆ ಇದೆ. ಅದನ್ನು ಕೇಳಿಸಿಕೊಂಡವರು ಹೆಚ್ಚಾಗಿ ಅದನ್ನೇ ನಂಬಿಬಿಡುತ್ತಾರೆ. ಹೊರಗಿನವರು ಹೇಳುವ ಮೊದಲೇ ತಮಗೆ ತಾವೇ ಹೇಳಿಕೊಂಡಿರುತ್ತಾರೆ. ಆದ್ದರಿಂದ ಈ ಪ್ರಶ್ನೆಯನ್ನು ವೈದ್ಯರಿಗೆ ಒಪ್ಪಿಸಿ ಸುಮ್ಮನಾದರೆ ಸಾಲದು, ಧರ್ಮದ ನೆಲೆಯಲ್ಲೇ ನಿಂತು ಕೇಳಬೇಕು. ಮರಳಿ ಬಂದ ತೂಕ ಒಂದು ಪತನವೇ? ಅಲ್ಲ ಎಂಬುದು ನನ್ನ ವಾದ. ಪತನವೆಂದು ಹೇಳಲು ನಾವು ಯಾವ ಪರಂಪರೆಗಳ ಹೆಸರು ಹಿಡಿಯುತ್ತೇವೆಯೋ ಆ ಪರಂಪರೆಗಳೂ ಹಾಗೆ ಹೇಳುವುದಿಲ್ಲ ಎಂಬುದು ವಾದದ ಎರಡನೆಯ ಭಾಗ.

ಇದನ್ನು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಂಥ ಊರನ್ನು ಮುಂದಿಟ್ಟುಕೊಂಡು ಯೋಚಿಸುವುದಕ್ಕೆ ಕಾರಣವಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಎಡದಂಡೆ ಕಾಲುವೆಯ ಉದ್ದಕ್ಕೂ ಆಂಧ್ರದಿಂದ ಬಂದ ರೈತ ಕುಟುಂಬಗಳು ಕ್ಯಾಂಪುಗಳನ್ನು ಕಟ್ಟಿಕೊಂಡವು. ಗಂಗಾವತಿ, ಶ್ರೀರಾಮನಗರ, ಕಾರಟಗಿಯ ಸೀಮೆ ಭತ್ತದ ಕಣಜವಾಯಿತು, ರೈಸ್ ಮಿಲ್ಲುಗಳ ಸಾಲು ಎದ್ದಿತು, ಸೋನಾ ಮಸೂರಿ ಊರೂರಿಗೆ ಹೊರಟಿತು. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಮಳೆಯನ್ನೇ ನಂಬಿದ ನೆಲವಾಗಿ ಉಳಿದವು. ಅಲ್ಲಿ ಜೋಳ, ಸಜ್ಜೆ, ನವಣೆ. ಆದರೆ ಎರಡೂ ಕಡೆ ದುಡಿಮೆಯ ರೀತಿ ಬದಲಾಗಿದೆ. ಗಳೇವು ಹೋಗಿ ಟ್ರ್ಯಾಕ್ಟರ್ ಬಂತು, ಕುಡುಗೋಲು ಹೋಗಿ ಭತ್ತ ಕೊಯ್ಯುವ ಯಂತ್ರ ಬಂತು, ಹಿಟ್ಟಿನ ಗಿರಣಿ ಬೀಸುಕಲ್ಲನ್ನು ಮೂಲೆಗೆ ಸರಿಸಿತು, ಎಣ್ಣೆ ಸಕ್ಕರೆ ಅಗ್ಗವಾದವು. 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರಲ್ಲೂ ಗಂಡಸರಲ್ಲೂ ಶೇ. 30ರಷ್ಟು ಮಂದಿ ಅಧಿಕ ತೂಕದವರು. ತೂಕ ಶೀಲದ ಅಳತೆಗೋಲು ಎನ್ನುವವರು ಈ ಅಂಕಿಗೆ ಉತ್ತರ ಕೊಡಬೇಕಾಗುತ್ತದೆ. ಒಂದೆರಡು ತಲೆಮಾರಿನೊಳಗೆ ರಾಜ್ಯದ ಹತ್ತರಲ್ಲಿ ಮೂವರ ಸಂಯಮ ಒಮ್ಮೆಲೇ ಕುಸಿಯಿತೆಂದು ನಂಬಲು ಯಾವ ಆಧಾರವೂ ಇಲ್ಲ. ಬದಲಾದದ್ದು ಕಾಲುವೆ, ಗಿರಣಿ, ದುಡಿಮೆ, ಸಂತೆ. ಅದರ ಗುರುತು ಮೈಮೇಲೆ ಬಿದ್ದಿದೆ.

ಇನ್ನು ಶಸ್ತ್ರಚಿಕಿತ್ಸೆಯ ವಿಷಯ. ಇದನ್ನು ಚೆಲುವಿಗಾಗಿ ಕೊಬ್ಬು ಹೀರಿ ತೆಗೆಸುವ ಚಿಕಿತ್ಸೆಯೊಂದಿಗೆ ಬೆರೆಸಬಾರದು; ಅದು ಬೇರೆ, ಇದು ಬೇರೆ. ನಮ್ಮಲ್ಲಿ ಹೆಚ್ಚಾಗಿ ಮಾಡುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಬಾಳೆಕಾಯಿ ಗಾತ್ರದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರವನ್ನು ಚಿಕ್ಕ ಚೀಲವಾಗಿಸಿ ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಶುಗರ್, ಬಿಪಿ, ನಿದ್ದೆಯಲ್ಲಿ ಉಸಿರುಗಟ್ಟುವಿಕೆ, ಸವೆದ ಮೊಣಕಾಲು ಇವುಗಳಿಂದ ಬಳಲುವವರಿಗೆ ಇದು ಆಯುಷ್ಯದ ಪ್ರಶ್ನೆ. ಇದರ ದೀರ್ಘಕಾಲದ ಫಲವನ್ನು ತಿಳಿಸುವ ದೊಡ್ಡ ಅಧ್ಯಯನ ಸ್ವೀಡನ್ನಿನದು. 1987ರಲ್ಲಿ ಆರಂಭವಾದ ಅದರಲ್ಲಿ ಶಸ್ತ್ರಚಿಕಿತ್ಸೆ ಪಡೆದ 2010 ಜನರನ್ನೂ ಪಡೆಯದ 2037 ಜನರನ್ನೂ ದಶಕಗಳ ಕಾಲ ಹಿಂಬಾಲಿಸಿದರು. ಬೈಪಾಸ್ ಮಾಡಿಸಿಕೊಂಡವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಕಳೆದುಕೊಂಡರು. ಹತ್ತು ವರ್ಷದ ಹೊತ್ತಿಗೆ ಆ ಇಳಿಕೆ ಶೇ. 25ಕ್ಕೆ ಬಂದು ನಿಂತಿತ್ತು. ಅಂದರೆ ಒಂದಷ್ಟು ತೂಕ ಮರಳುವುದು ಈ ಚಿಕಿತ್ಸೆಯ ಸಹಜ ನಡೆ. ಇದು ಸರಾಸರಿ; ಕೆಲವರಿಗೆ ಮರಳುವುದು ಕಡಿಮೆ, ಕೆಲವರಿಗೆ ಬಹಳ ಹೆಚ್ಚು. ಆದರೂ 2020ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಪಡೆದ ಗುಂಪಿನ ಆಯುಷ್ಯ ಪಡೆಯದವರಿಗಿಂತ ಸುಮಾರು ಮೂರು ವರ್ಷ ಹೆಚ್ಚಿತ್ತು. ಒಂದಷ್ಟು ತೂಕ ಮರಳಿ ಬಂದವರೂ ಆ ಗುಂಪಿನೊಳಗೇ ಇದ್ದರು. ಎಲ್ಲ ನೀರಿನಲ್ಲಿ ಹೋಮವಾಯಿತು ಎಂದು ಹಲುಬುವವರಿಗೆ ಈ ಒಂದು ಸಂಗತಿ ಗೊತ್ತಾಗಬೇಕು.

ದೇಹ ಯಾಕೆ ಹೀಗೆ ಮಾಡುತ್ತದೆ? 1994ರಲ್ಲಿ ಲೆಪ್ಟಿನ್, 1999ರಲ್ಲಿ ಗ್ರೆಲಿನ್ ಎಂಬ ಹಾರ್ಮೋನುಗಳು ಪತ್ತೆಯಾದ ಮೇಲೆ ಹಸಿವಿನ ಲೆಕ್ಕ ನಮ್ಮ ಸಂಕಲ್ಪಕ್ಕೆ ತಿಳಿಯದಂತೆಯೇ ನಡೆಯುತ್ತದೆ ಎಂಬುದು ಸ್ಪಷ್ಟವಾಯಿತು. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ, ಮಿದುಳು ಅದನ್ನು ಬರಗಾಲವೆಂದು ಓದುತ್ತದೆ, ಹಸಿವು ಏರುತ್ತದೆ, ಮೈ ಸುಡುವ ಶಕ್ತಿ ತಗ್ಗುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವಾರದ ಕಟ್ಟುನಿಟ್ಟಿನ ಪಥ್ಯದಿಂದ ತೂಕ ಇಳಿಸಿಕೊಂಡವರ ಹಸಿವಿನ ಹಾರ್ಮೋನುಗಳು ವರ್ಷ ಕಳೆದರೂ ಹಳೆಯ ಮಟ್ಟಕ್ಕೆ ಬಂದಿರಲಿಲ್ಲ. ಶಸ್ತ್ರಚಿಕಿತ್ಸೆ ಬರಿಯ ಪಥ್ಯಕ್ಕಿಂತ ಮೇಲಾಗುವುದು ಅದು ಈ ಹಾರ್ಮೋನುಗಳನ್ನೇ ಬದಲಿಸುವುದರಿಂದ. ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗವೇ ಗ್ರೆಲಿನ್ನಿನ ಮುಖ್ಯ ನೆಲೆ. ಆದರೆ ವರ್ಷ ಕಳೆದಂತೆ ದೇಹ ಹೊಸ ಏರ್ಪಾಡಿಗೆ ಹೊಂದಿಕೊಳ್ಳುತ್ತದೆ. ಕೆಲವರಲ್ಲಿ ಕೊಳವೆ ಹಿಗ್ಗುತ್ತದೆ, ಬೈಪಾಸ್ ಆದವರಲ್ಲಿ ಜೋಡಣೆಯ ಬಾಯಿ ಅಗಲವಾಗುತ್ತದೆ. ಇನ್ಸುಲಿನ್, ಸ್ಟೆರಾಯ್ಡ್, ಮನೋರೋಗದ ಕೆಲವು ಔಷಧಗಳು ತೂಕ ಏರಿಸುತ್ತವೆ. ಬಸಿರು ಬಾಣಂತನ, ಥೈರಾಯ್ಡ್, ನಿದ್ದೆಗೇಡು, ಖಿನ್ನತೆ, ಕುಡಿತ ಎಲ್ಲಕ್ಕೂ ಇದರಲ್ಲಿ ಪಾಲುಂಟು. ಹೌದು, ದಿನವಿಡೀ ಚೂರು ಚೂರು ತಿನ್ನುವ ಅಭ್ಯಾಸಕ್ಕೂ ಸಿಹಿ ಪಾನೀಯಕ್ಕೂ ಪಾಲುಂಟು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ಹಲವು ಕಾರಣಗಳಲ್ಲಿ ಒಂದು. ‘ಬಾಯಿ ಕಟ್ಟಲಿಲ್ಲ’ ಎನ್ನುವವರು ಒಂದನ್ನೇ ಹಿಡಿದು ಉಳಿದದ್ದನ್ನೆಲ್ಲ ಅಳಿಸಿಬಿಡುತ್ತಾರೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಹಾರ್ಮೋನು ಏನೇ ಹೇಳಲಿ, ಗಟ್ಟಿ ಮನಸ್ಸಿನವರು ಹಸಿವನ್ನು ಗೆದ್ದಿಲ್ಲವೇ? ನಮ್ಮ ಋಷಿಗಳು, ತಪಸ್ವಿಗಳು? ಈ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇದಕ್ಕೆ ಸಿಗುವ ಅತ್ಯಂತ ಒಳ್ಳೆಯ ಸಾಕ್ಷ್ಯ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಉಪವಾಸದ ಪ್ರಯೋಗ. ಅದರಲ್ಲಿ ಪಾಲ್ಗೊಂಡ 36 ಯುವಕರು ಯುದ್ಧದಲ್ಲಿ ಕೊಲ್ಲುವುದಿಲ್ಲವೆಂದು ಆತ್ಮಸಾಕ್ಷಿಯ ಮೇಲೆ ಸೈನ್ಯ ಸೇರಲು ನಿರಾಕರಿಸಿದವರು. ಅವರಲ್ಲಿ ಅನೇಕರು ಶಾಂತಿವಾದಿ ಕ್ರೈಸ್ತ ಪಂಥಗಳವರು. ಯುದ್ಧದಿಂದ ಹಸಿದ ಯೂರೋಪಿನ ಜನರಿಗೆ ನೆರವಾಗಲೆಂದು ತಾವಾಗಿಯೇ ಹಸಿವನ್ನು ಒಪ್ಪಿಕೊಂಡರು. ಸಂಕಲ್ಪಬಲದಲ್ಲಿ ಇವರಿಗಿಂತ ಮೇಲಾದವರನ್ನು ಆರಿಸುವುದು ಕಷ್ಟ. ಆರು ತಿಂಗಳ ಅರೆಹೊಟ್ಟೆಯಲ್ಲಿ ಅವರು ತೂಕದ ಕಾಲುಭಾಗ ಕಳೆದುಕೊಂಡರು. ಆಮೇಲೆ ಅವರ ಮಾತು, ಕನಸು, ಓದು ಎಲ್ಲ ಅನ್ನವೇ ಆಯಿತು. ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಕೆಲವರು ಕದ್ದು ತಿಂದರು. ಊಟ ಮತ್ತೆ ಸಿಕ್ಕಾಗ ಹೊಟ್ಟೆ ತುಂಬಿದರೂ ಹಸಿವು ಹೋಗಲಿಲ್ಲ, ಮೊದಲಿದ್ದುದಕ್ಕಿಂತ ಹೆಚ್ಚು ಕೊಬ್ಬು ಮೈಗೆ ಸೇರಿತು. ಕೊಲ್ಲುವುದಿಲ್ಲವೆಂಬ ವ್ರತಕ್ಕಾಗಿ ಇಡೀ ದೇಶದ ನಿಂದೆಯನ್ನು ಎದುರಿಸಿ ನಿಂತ ಮನುಷ್ಯರನ್ನು ಯಾರೂ ಶೀಲಗೆಟ್ಟವರೆಂದು ಕರೆಯಲಾರರು. ಹಸಿವಿನ ಮುಂದೆ ಅವರಿಗೆ ಆದದ್ದು ದೇಹದ ನಿಯಮ. ಅದೇ ನಿಯಮ ಶ್ರೀರಾಮನಗರದ ಗೃಹಿಣಿಗೂ ಗಿರಣಿಯ ಲೆಕ್ಕಿಗನಿಗೂ ಅನ್ವಯಿಸಿದರೆ ಅವರನ್ನು ಮಾತ್ರ ಚಪಲದವರೆನ್ನುವುದು ನ್ಯಾಯವಲ್ಲ.

ಋಷಿಗಳ ಮಾತಿಗೆ ಬಂದರೆ, ಸಿದ್ಧಾರ್ಥ ಗೌತಮನ ಕಥೆಯಲ್ಲಿ ನಾವು ಸಾಮಾನ್ಯವಾಗಿ ದಾಟಿಹೋಗುವ ಒಂದು ಪ್ರಸಂಗವಿದೆ. ಆರು ವರ್ಷ ಮೈ ದಂಡಿಸಿ ಎಲುಬಿನ ಗೂಡಾದ ಮೇಲೆ ಅವನು ಸುಜಾತೆ ಕೊಟ್ಟ ಪಾಯಸವನ್ನು ಉಂಡ. ಜೊತೆಗಿದ್ದ ಐವರು ತಪಸ್ವಿಗಳು ಇವನು ಭೋಗಕ್ಕೆ ಜಾರಿದನೆಂದು ಬಿಟ್ಟು ಹೋದರು. ಮರಳಿ ಉಂಡವನನ್ನು ನೋಡಿ ಸಮಾಜ ಕೊಟ್ಟ ತೀರ್ಪು ಅಂದೂ ಇದೇ ಆಗಿತ್ತು. ಬುದ್ಧನಾದ ಮೇಲೆ ಅವನು ಸಾರನಾಥದಲ್ಲಿ ಮೊದಲ ಉಪದೇಶ ಮಾಡಿದ್ದು ಅದೇ ಐವರಿಗೆ, ಮತ್ತು ಆ ಉಪದೇಶದ ಮೊದಲ ವಿಷಯವೇ ಭೋಗವೂ ಅಲ್ಲದ, ದೇಹದಂಡನೆಯೂ ಅಲ್ಲದ ನಡುವಿನ ದಾರಿ. ದೇಹವನ್ನು ಸೋಲಿಸುವುದನ್ನೇ ಧರ್ಮವೆಂದು ತಿಳಿದವರ ತೀರ್ಪು ತಪ್ಪಾಗಿತ್ತು ಎಂಬುದರ ಮೇಲೆ ಒಂದು ಮಹಾಧರ್ಮವೇ ನಿಂತಿದೆ.

ಭಗವದ್ಗೀತೆಯ ಆರನೆಯ ಅಧ್ಯಾಯವನ್ನು ಹಿತಮಿತ ಆಹಾರದ ಶಾಸನವಾಗಿ ಬಹಳ ಮಂದಿ ಉದಾಹರಿಸುತ್ತಾರೆ. ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನೂ ಉಣ್ಣದವನಿಗೂ ಇಲ್ಲ ಎಂದು ಅಲ್ಲಿದೆ. ತೂಕ ಮರಳಿದವರ ಮುಂದೆ ಇದರ ಮೊದಲರ್ಧವನ್ನಷ್ಟೇ ಹೇಳುವುದು ರೂಢಿ. ಆದರೆ ಅದೇ ಅಧ್ಯಾಯ ಮುಂದುವರಿಯುತ್ತದೆ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟವೆಂದು ಅರ್ಜುನ ಹೇಳುತ್ತಾನೆ, ಕೃಷ್ಣ ಅದನ್ನು ಅಲ್ಲಗಳೆಯದೆ ಒಪ್ಪಿಕೊಂಡೇ ಅಭ್ಯಾಸದ ಮಾತಾಡುತ್ತಾನೆ. ಆಗ ಅರ್ಜುನ ಕೇಳುವ ಪ್ರಶ್ನೆ ನಮ್ಮ ವಿಷಯಕ್ಕೆ ನೇರವಾಗಿ ಬರುತ್ತದೆ: ಶ್ರದ್ಧೆಯಿಂದ ಹೊರಟು ನಡುದಾರಿಯಲ್ಲಿ ಜಾರಿದವನ ಗತಿ ಏನು, ಅವನು ಎರಡೂ ಕಡೆ ಸಲ್ಲದೆ ಚೆದುರಿಹೋಗುವುದಿಲ್ಲವೇ? ಯೋಗಭ್ರಷ್ಟನೆಂದು ನಾವು ಕರೆಯುವ ಈ ವ್ಯಕ್ತಿಗೆ ಕೃಷ್ಣನ ಉತ್ತರದಲ್ಲಿ ಶಿಕ್ಷೆ ಇಲ್ಲ. ಒಳ್ಳೆಯದಕ್ಕಾಗಿ ದುಡಿದವನು ಕೆಡುವುದಿಲ್ಲ, ಹಿಂದೆ ಎಲ್ಲಿಗೆ ಬಂದು ನಿಂತಿದ್ದನೋ ಅಲ್ಲಿಂದ ಮುಂದುವರಿಯುತ್ತಾನೆ ಎಂಬುದು ಅದರ ತಾತ್ಪರ್ಯ. ಮಾಡಿದ ಪ್ರಯತ್ನ ಅಳಿಯುವುದಿಲ್ಲವೆಂಬ ಈ ಮಾತು ಸ್ವೀಡನ್ನಿನ ಅಂಕಿಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಶಾಸ್ತ್ರವನ್ನು ವಿಜ್ಞಾನವೆಂದು ತೋರಿಸುವ ಚಟ ನನಗಿಲ್ಲ. ಆದರೆ ಗೀತೆಯನ್ನು ಮುಂದಿಟ್ಟುಕೊಂಡು ಒಬ್ಬರನ್ನು ಹಳಿಯುವವರು ಅದೇ ಅಧ್ಯಾಯವನ್ನು ಕೊನೆಯವರೆಗೆ ಓದಲಿ ಎಂದು ಕೇಳುವ ಹಕ್ಕಿದೆ.

ಕೊಪ್ಪಳದವರಿಗೆ ಇನ್ನೂ ಹತ್ತಿರದ ಸಾಕ್ಷಿಯೊಂದಿದೆ, ಅದು ಕಲ್ಲಿನ ಮೇಲಿದೆ. ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಕಿರು ಬಂಡೆ ಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡಿನದು ಬಹಳ ಸವೆದಿದೆ, ಗವಿಮಠದ್ದು ಓದುವಂತಿದೆ. ಪ್ರಾಕೃತದಲ್ಲಿ, ಬ್ರಾಹ್ಮೀ ಲಿಪಿಯಲ್ಲಿರುವ ಆ ಶಾಸನದಲ್ಲಿ ಚಕ್ರವರ್ತಿ ತನ್ನ ವಿಷಯವನ್ನೇ ಹೇಳಿಕೊಳ್ಳುತ್ತಾನೆ: ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆದರೆ ಮೊದಲ ಒಂದು ವರ್ಷ ತಾನು ಹೆಚ್ಚೇನೂ ಪ್ರಯತ್ನ ಮಾಡಲಿಲ್ಲ, ಸಂಘದ ಬಳಿಗೆ ಹೋದ ಮೇಲೆ, ಈಗ ಒಂದು ವರ್ಷದಿಂದ, ಚೆನ್ನಾಗಿ ಶ್ರಮಿಸುತ್ತಿದ್ದೇನೆ. ಮುಂದೆ, ಇದರ ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ಸಿಗುತ್ತದೆ ಎನ್ನುತ್ತಾನೆ. ಇಡೀ ನಾಡನ್ನು ಆಳುವವನು ತನ್ನ ಪ್ರಯತ್ನ ಸಡಿಲವಾಗಿದ್ದ ಕಾಲವನ್ನು ಬಂಡೆಗಲ್ಲಿನ ಮೇಲೆ ಕೊರೆಸಿ, ಗಡಿಯಾಚೆಯವರಿಗೂ ತಿಳಿಯಲಿ ಎಂದು ಬಯಸಿದ. ಅದರಲ್ಲಿ ಅಳುವಿಲ್ಲ, ಕ್ಷಮೆ ಬೇಡುವುದಿಲ್ಲ, ನೆಪ ಹೇಳುವುದೂ ಇಲ್ಲ. ಆ ವರ್ಷ ಹಾಗಿತ್ತು, ಈ ವರ್ಷ ಹೀಗಿದೆ ಎಂಬ ವರದಿ ಮಾತ್ರ ಇದೆ. ಸಡಿಲಗೊಂಡ ಕಾಲವನ್ನು ಒಪ್ಪಿಕೊಳ್ಳುವುದಕ್ಕೂ ಅದಕ್ಕಾಗಿ ತನ್ನನ್ನು ತಾನು ಹೀನವೆಂದು ಕಾಣುವುದಕ್ಕೂ ಇರುವ ದೂರವನ್ನು ಈ ಶಾಸನದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಬರಹ ನಮ್ಮ ಸೀಮೆಯಲ್ಲಿ ನನಗೆ ಕಾಣುವುದಿಲ್ಲ. ಗಮನಿಸಬೇಕಾದದ್ದು ಇನ್ನೊಂದಿದೆ: ಅವನ ಪ್ರಯತ್ನ ಬಿಗಿಯಾದದ್ದು ಒಬ್ಬನೇ ಕುಳಿತು ಹಲ್ಲು ಕಚ್ಚಿದ್ದರಿಂದಲ್ಲ, ಸಂಘದ ಒಡನಾಟದಿಂದ.

ಕೊಪ್ಪಳ ಜೈನರ ಕೊಪಣ ಮಹಾತೀರ್ಥವೂ ಹೌದು. ಆಹಾರವನ್ನು ಹಂತಹಂತವಾಗಿ ಬಿಟ್ಟು, ಅಂದರೆ ಸಲ್ಲೇಖನ ಕೈಗೊಂಡು, ದೇಹ ತ್ಯಜಿಸಿದವರ ನೆನಪಿನ ನಿಸಿದಿಗಳು ಇಲ್ಲಿವೆ. ಊಟದ ವಿಷಯದಲ್ಲಿ ಜೈನಧರ್ಮದಷ್ಟು ಕಠಿಣವಾದ ಧರ್ಮ ಮತ್ತೊಂದಿಲ್ಲ, ಅಲ್ಲಿ ಮರಳಿ ತಿಂದವರಿಗೆ ಜಾಗವೆಲ್ಲಿ ಎಂದು ಕೇಳಬಹುದು. ಆದರೆ ಸಲ್ಲೇಖನ ಆಯುಷ್ಯದ ಕೊನೆಯಲ್ಲಿ, ಗುರುವಿನ ಒಪ್ಪಿಗೆಯಿಂದ ಕೈಗೊಳ್ಳುವ ವ್ರತ. ಬಾಳಬೇಕಾದವರ ಊಟಕ್ಕೆ ಅದು ಮಾದರಿಯಲ್ಲ. ಬಾಳುವ ಗೃಹಸ್ಥರಿಗೆ ಜೈನರು ಮುನಿಗಳ ಮಹಾವ್ರತಗಳನ್ನು ಹೇರಲಿಲ್ಲ, ಅಣುವ್ರತಗಳನ್ನು ಕೊಟ್ಟರು. ಹೊಟ್ಟೆ ಪೂರ್ತಿ ತುಂಬುವ ಮೊದಲೇ ಕೈ ತೊಳೆಯುವುದನ್ನೂ ತಪಸ್ಸಿನ ಲೆಕ್ಕಕ್ಕೆ ಸೇರಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಕ್ರಮಣವನ್ನು ನಿತ್ಯದ ಆವಶ್ಯಕಗಳಲ್ಲಿ ಒಂದಾಗಿಸಿದರು. ದಿನದ ತಪ್ಪುಗಳನ್ನು ನೆನೆದು, ವ್ರತಕ್ಕೆ ಮರಳುವ ಕ್ರಿಯೆ ಅದು. ಜಾರುವುದು ಅಪರೂಪದ ದುರಂತವೆಂದು ಅವರು ತಿಳಿದಿದ್ದರೆ ಅದಕ್ಕೊಂದು ದಿನನಿತ್ಯದ ವಿಧಿ ಬೇಕಾಗುತ್ತಿರಲಿಲ್ಲ. ಅತಿ ಕಠಿಣ ಧರ್ಮವೇ ಮರಳುವ ದಾರಿಯನ್ನು ಪ್ರತಿದಿನಕ್ಕೂ ತೆರೆದಿಟ್ಟಿದೆ.

ಹಾಗಾದರೆ ತೀರ್ಪಿನ ತಪ್ಪು ಎಲ್ಲಿ ಹುಟ್ಟುತ್ತದೆ? ನನಗೆ ಕಾಣುವಂತೆ, ಶಸ್ತ್ರಚಿಕಿತ್ಸೆಯನ್ನು ನಾವು ವ್ರತದ ಹಾಗೆ ಗ್ರಹಿಸಿಬಿಟ್ಟಿದ್ದೇವೆ. ಗಂಗಾವತಿ ಬಳಿಯ ಅಂಜನಾದ್ರಿ ಬೆಟ್ಟದಲ್ಲಿ ಪ್ರತಿವರ್ಷ ಮಾರ್ಗಶಿರದಲ್ಲಿ ಹನುಮಮಾಲೆ ಧರಿಸಿದವರು ಮೆಟ್ಟಿಲು ಹತ್ತಿ ಮಾಲೆ ವಿಸರ್ಜನೆ ಮಾಡುತ್ತಾರೆ. ಆ ವ್ರತಕ್ಕೆ ಮೊದಲಿದೆ, ನಿಯಮವಿದೆ, ಕೊನೆಯಿದೆ. ಮಾಲೆ ತೆಗೆದ ಮೇಲೆ ಮಾಮೂಲಿನ ಊಟಕ್ಕೆ ಮರಳಿದವರನ್ನು ಯಾರೂ ದೂರುವುದಿಲ್ಲ. ಆಪರೇಷನ್ನೂ ಹಾಗೆ ಒಂದು ದಿನ ಮುಗಿಯುತ್ತದೆ, ಇಷ್ಟು ಕಿಲೋ ಇಳಿದರೆ ಸಿದ್ಧಿ, ಏರಿದರೆ ವ್ರತಭಂಗ ಎಂದು ಲೆಕ್ಕ ಹಾಕುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಸ್ಥೂಲಕಾಯವನ್ನು ದೀರ್ಘಕಾಲದ ರೋಗವೆನ್ನುತ್ತದೆ. ದೀರ್ಘಕಾಲದ ರೋಗಕ್ಕೆ ವಿಸರ್ಜನೆಯ ದಿನವಿಲ್ಲ. ತುಂಗಭದ್ರೆಯ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಹಿಡಿಯುವುದು 105ರ ಆಸುಪಾಸು. ಹೂಳು ಬಂತೆಂದು ಈ ಸೀಮೆಯ ರೈತರು ಅಣೆಕಟ್ಟೆ ವ್ಯರ್ಥವೆನ್ನಲಿಲ್ಲ, ಹೊಳೆಯನ್ನು ಬಯ್ಯಲಿಲ್ಲ. ಹೂಳಿಗೆ ಏನು ಮಾಡೋಣ ಎಂದು ಕೇಳಿದರು. ದೇಹದ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಅಷ್ಟೇ.

ಇಲ್ಲಿ ಎರಡನೆಯ, ಹೆಚ್ಚು ಗಟ್ಟಿಯಾದ ಆಕ್ಷೇಪ ಏಳುತ್ತದೆ. ತಪ್ಪಿಲ್ಲವೆಂದರೆ ಹೊಣೆಯೂ ಇಲ್ಲವೆಂದಾಯಿತು. ಎಲ್ಲವನ್ನೂ ಹಾರ್ಮೋನಿನ ಮೇಲೆ ಹಾಕಿ ಕೈಚೆಲ್ಲಿ ಕೂರಲು ಇದು ದಾರಿಯಾಗುವುದಿಲ್ಲವೇ? ಆಗುವುದಿಲ್ಲ. ತಪ್ಪು ಹೊರಿಸುವುದು ಆದದ್ದರ ಕಡೆ ತಿರುಗಿದ ಮಾತು, ಹೊಣೆ ಆಗಬೇಕಾದದ್ದರ ಕಡೆ ತಿರುಗಿದ ಮಾತು. ಕ್ಷಯ ಬಂದವರು ತಪ್ಪಿತಸ್ಥರಲ್ಲ, ಆದರೂ ಆರು ತಿಂಗಳು ಮಾತ್ರೆ ನುಂಗುವ ಹೊಣೆ ಅವರದೇ. ಅದೇ ರೀತಿ ಶಸ್ತ್ರಚಿಕಿತ್ಸೆ ಆದವರಿಗೆ ಬಾಳಪೂರ್ತಿ ಹೊಣೆಗಳಿವೆ: ಕಬ್ಬಿಣ, ಬಿ12, ಡಿ ವಿಟಮಿನ್, ಕ್ಯಾಲ್ಸಿಯಂಗಳ ಪರೀಕ್ಷೆ ಮತ್ತು ಮಾತ್ರೆ, ಊಟದಲ್ಲಿ ಮೊದಲು ಬೇಳೆ, ಕಾಳು, ಮೊಟ್ಟೆ, ಮೊಸರಿನಂಥ ಪ್ರೋಟೀನು, ನಡಿಗೆ, ಸ್ನಾಯುಬಲದ ವ್ಯಾಯಾಮ, ಕುಡಿತದಿಂದ ದೂರವಿರುವುದು, ಏಕೆಂದರೆ ಬೈಪಾಸ್ ಆದವರಲ್ಲಿ ಮದ್ಯ ಬೇಗ ರಕ್ತಕ್ಕೇರುತ್ತದೆ ಮತ್ತು ಚಟವಾಗುವ ಅಪಾಯ ಹೆಚ್ಚು. ಇವೆಲ್ಲಕ್ಕೂ ಮೊದಲನೆಯದು ವೈದ್ಯರ ಬಳಿಗೆ ಮತ್ತೆ ಹೋಗುವುದು. ಆದರೆ ನಾಚಿಕೆ ತಡೆಯುವುದು ಇದನ್ನೇ. ತೂಕ ಏರಿದವರು ತಪಾಸಣೆಯ ದಿನ ತಪ್ಪಿಸುತ್ತಾರೆ, ಡಯಟಿಷಿಯನ್ ಎದುರು ಕೂರಲು ಅಂಜುತ್ತಾರೆ. ನಿಂದೆ ಮನುಷ್ಯರನ್ನು ತಿದ್ದುತ್ತದೆಂಬ ನಂಬಿಕೆ ಈ ಜಾಗದಲ್ಲಿ ಪೂರ್ತಿ ಸುಳ್ಳಾಗುತ್ತದೆ. ಹೊಣೆಯನ್ನು ಗಂಭೀರವಾಗಿ ತೆಗೆದುಕೊಳ್ಳುವವರು ಮೊದಲು ಬಿಡಬೇಕಾದದ್ದು ನಿಂದೆಯನ್ನು.

ಮತ್ತೆ ಹೋದರೆ ಅಲ್ಲಿ ಮಾಡುವುದೇನು ಎಂಬ ನಿರಾಶೆಗೂ ಉತ್ತರವಿದೆ. ಜಠರದ ರಚನೆಯಲ್ಲಿ ದೋಷವಿದೆಯೇ ಎಂದು ಎಂಡೋಸ್ಕೋಪಿಯಿಂದ ನೋಡಬಹುದು, ತೂಕ ಏರಿಸುವ ಔಷಧವನ್ನು ಬದಲಿಸಬಹುದು, ಖಿನ್ನತೆಗೆ ಚಿಕಿತ್ಸೆ ಕೊಡಬಹುದು, ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆ ಒಗ್ಗುತ್ತದೆ. 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದಿವೆ. ಇವೂ ಪವಾಡವಲ್ಲ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲೆರಡು ಪಾಲು ಮರಳಿತೆಂದು ಅಧ್ಯಯನ ತೋರಿಸಿದೆ. ಪಥ್ಯ ಬಿಟ್ಟರೂ, ಮದ್ದು ಬಿಟ್ಟರೂ, ಶಸ್ತ್ರಚಿಕಿತ್ಸೆಯ ನಂತರವೂ ಒಂದೇ ನಡೆ ಕಾಣುತ್ತಿದ್ದರೆ, ಮರಳುವುದು ಈ ರೋಗದ ಸ್ವಭಾವವೆಂದು ಒಪ್ಪುವುದೇ ವಿವೇಕ.

ದೇವರು ಕೊಟ್ಟ ಅಂಗವನ್ನು ಕತ್ತರಿಸಿಕೊಂಡದ್ದೇ ತಪ್ಪು, ಅದರ ಮೇಲೆ ಇನ್ನೊಂದು ಮದ್ದು, ಇನ್ನೊಂದು ಆಪರೇಷನ್ನೇ ಎಂದು ಕೇಳುವ ಹಿರಿಯರೂ ಇದ್ದಾರೆ. ಸುಶ್ರುತನ ಹೆಸರಿನ ಶಸ್ತ್ರಚಿಕಿತ್ಸೆಯ ಸಂಹಿತೆಯನ್ನು ಇಟ್ಟುಕೊಂಡಿರುವ ನಾಡಿನಲ್ಲಿ ಈ ವಾದ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪಿತ್ತಕೋಶ, ಗರ್ಭಕೋಶಗಳನ್ನು ತೆಗೆಸಿಕೊಂಡವರಿಗೆ ನಾವು ಈ ಪ್ರಶ್ನೆ ಹಾಕುವುದಿಲ್ಲ. ಎಲ್ಲ ಪ್ರಾರಬ್ಧ ಎನ್ನುವವರಿಗೆ ಹೇಳಬೇಕಾದದ್ದು ಬೇರೆ. ಕರ್ಮಸಿದ್ಧಾಂತ ಒಬ್ಬರು ತಮ್ಮ ಮುಂದಿನ ಹೆಜ್ಜೆಯನ್ನು ಎಚ್ಚರದಿಂದ ಇಡಲು ಹೇಳಿದ ತತ್ವ. ಅದನ್ನು ಪಕ್ಕದ ಮನೆಯವರ ಮೈ ನೋಡಿ ಅವರ ಹಿಂದಿನ ಜನ್ಮದ ಲೆಕ್ಕ ಬರೆಯಲು ಬಳಸುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಅಪೌಷ್ಟಿಕತೆ ಇನ್ನೂ ನೀಗದ ಜಿಲ್ಲೆಯಲ್ಲಿ ಇದು ಉಂಡವರ ಚಿಂತೆ ಎಂಬ ಮಾತಿನಲ್ಲಿ ನೋವಿದೆ, ಅದನ್ನು ಗೌರವಿಸುತ್ತೇನೆ. ಆದರೆ ಒಂದೇ ಓಣಿಯಲ್ಲಿ, ಒಮ್ಮೊಮ್ಮೆ ಒಂದೇ ಮನೆಯಲ್ಲಿ ರಕ್ತಹೀನತೆಯೂ ಸ್ಥೂಲಕಾಯವೂ ಒಟ್ಟಿಗಿರುತ್ತವೆ. ಶಸ್ತ್ರಚಿಕಿತ್ಸೆ ಆದ ಹೆಂಗಸೊಬ್ಬಳ ದಪ್ಪ ಮೈಯಲ್ಲೇ ಕಬ್ಬಿಣದ ಕೊರತೆ ಇರಬಹುದು. ಒಬ್ಬರ ಸಂಕಟವನ್ನು ಹೀಗಳೆದರೆ ಇನ್ನೊಬ್ಬರ ಹಸಿವು ನೀಗುವುದಿಲ್ಲ.

ಕಡೆಯದಾಗಿ ಅನ್ನದ ಪಾವಿತ್ರ್ಯದ ಮಾತು. ಈ ಸೀಮೆಯಲ್ಲಿ ಉಣ್ಣಿಸುವುದು ಧರ್ಮ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿ, ದವಸ ಹರಿದು ಬರುತ್ತವೆ, ಮಹಾದಾಸೋಹದಲ್ಲಿ ಲಕ್ಷಾಂತರ ಜನ ಉಣ್ಣುತ್ತಾರೆ. ಮದುವೆ, ಸೀಮಂತ, ತಿಥಿ, ಎಲ್ಲಿಯೂ ಒತ್ತಾಯ ಮಾಡಿ ಬಡಿಸುವುದೇ ಆದರ. ಎರಡು ತುತ್ತಿಗೆ ತುಂಬುವ ಹೊಟ್ಟೆಯವರು ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾರೆ: ಬೇಡವೆಂದರೆ ಪ್ರಸಾದಕ್ಕೆ ಅವಮಾನ, ಉಂಡರೆ ವಾಂತಿ ಇಲ್ಲವೆ ತೂಕ. ಆಮೇಲೆ ತೂಕ ಏರಿದರೆ, ಒತ್ತಾಯ ಮಾಡಿ ಬಡಿಸಿದವರೇ ಬಾಯಿ ಕಟ್ಟಲಿಲ್ಲವೆಂದು ಹೇಳುತ್ತಾರೆ. ಪ್ರಸಾದ ಪ್ರಮಾಣದಿಂದ ಪವಿತ್ರವಾಗುವುದಲ್ಲ. ಅಂಗೈಯಲ್ಲಿಟ್ಟ ಒಂದು ತುಣುಕನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡವರೂ ಪೂರ್ತಿ ಪ್ರಸಾದ ತೆಗೆದುಕೊಂಡಂತೆಯೇ. ದೇಹವನ್ನೇ ದೇಗುಲವೆಂದ ಶರಣರ ನಾಡಿನಲ್ಲಿ ಈ ಮಾತನ್ನು ಹೇಳಲು ಅತ್ಯಂತ ಅರ್ಹರು ಮಠದ ಸ್ವಾಮಿಗಳು, ದೇವಸ್ಥಾನದ ಅರ್ಚಕರು, ಪಂಕ್ತಿಯಲ್ಲಿ ಬಡಿಸುವ ಹಿರಿಯರು. ಅವರು ಜಾತ್ರೆಯ ವೇದಿಕೆಯಿಂದ ಒಮ್ಮೆ ಹೇಳಿದರೆ ವೈದ್ಯರ ಹತ್ತು ಕರಪತ್ರಕ್ಕಿಂತ ಹೆಚ್ಚು ಮನೆಗಳಿಗೆ ತಲುಪುತ್ತದೆ. ಮನೆಯವರಲ್ಲಿ ನನ್ನ ಬಿನ್ನಹ, ತುತ್ತು ಎಣಿಸುವುದನ್ನು ಬಿಟ್ಟು ತಪಾಸಣೆಗೆ ಜೊತೆಯಲ್ಲಿ ಹೋಗಿ. ತೂಕ ಮರಳಿ ಬಂದವರಿಗೆ ಹೇಳುವುದು ಒಂದೇ: ನೀವು ಯಾವ ವ್ರತವನ್ನೂ ಮುರಿದಿಲ್ಲ. ಆಪರೇಷನ್ನಿನ ಹಳೆಯ ಕಾಗದಪತ್ರ ಹುಡುಕಿ ತೆಗೆಯಿರಿ, ರಕ್ತಪರೀಕ್ಷೆ ಮಾಡಿಸಿ, ಈ ತಿಂಗಳೊಳಗೆ ನಿಮ್ಮ ವೈದ್ಯರ ಬಳಿಗೆ ಹೋಗಿ.